ಎದುರುಗೋಡೆಯ ಬೆಳಕು

೪ ಮಾರ್ಚ್ ೧೯೩೮
ಸೀತಾಳಿ ಗಿಡಕ್ಕೆ ಮತ್ತೆ ಜಾಗ ಬದಲು. ಹಾನಗಲ್ಲಿನ ಆಚೆ ಕಾಡಿನ ಬಂಡೆಯಿಂದ ಕಲ್ಲುಸಮೇತ ತಂದದ್ದು. ಒಳಗಿಟ್ಟರೆ ಎಲೆ ದಟ್ಟ ಹಸಿರು, ಹೂವಿಲ್ಲ. ಮಾಳಿಗೆಯ ಮೇಲೆ ಕೆಂಪಾಗಿ ಸುಕ್ಕಿತು. ಈಗ ಹಿತ್ತಲು — ಬೆಳಗಿನ ಎಳೆಬಿಸಿಲು, ಆಮೇಲೆ ನೆರಳು. ಅಪ್ಪ ನಕ್ಕ: "ನಿನಗಿಂತ ಅದ ಹೆಚ್ಚು ಇಯತ್ತೆ ದಾಟೇತಿ." ನಿಜವೇ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ನಪಾಸಾಗಿ ಶಾಲೆ ಬಿಟ್ಟವನು ನಾನು. ಕೂತಲ್ಲಿ ಕೂರಲಾಗುವುದಿಲ್ಲ.

೧೨ ಮಾರ್ಚ್
ಮೊಗ್ಗು ಬಂದಿದೆ. ಮೊದಲು ಕಂಡವಳು ನನ್ನ ಅಕ್ಕ ಸಿದ್ದವ್ವ. ಇನ್ನು ಅಲುಗಿಸುವುದಿಲ್ಲ, ಹೋದ ವರ್ಷ ಸರಿಸಿದಾಗ ಉದುರಿತ್ತು.
ಇಪ್ಪತ್ತಕ್ಕೆ ಚಿಕ್ಕೇರೂರಿನವರು ಅಕ್ಕನನ್ನು ನೋಡಲು ಬರುತ್ತಾರೆ. ಹುಡುಗನನ್ನು ಅಕ್ಕ ಯಾರದೋ ಮದುವೆಯಲ್ಲಿ ಕಂಡಿದ್ದಾಳೆ. ಮನಸ್ಸಿದೆ. ನಾನು ಹಾಯಸ್ಕೂಲಿನಲ್ಲಿದ್ದೇನೆಂದು ಅವ್ವ ಹೇಳಿಕಳಿಸಿದ್ದಾಳೆ. ಅವರು ಕೇಳಿದರೆ ಹೂಂ ಅನ್ನಬೇಕಂತೆ. ಅನ್ನುತ್ತೇನೆಂದು ನಾನು ಒಪ್ಪಲಿಲ್ಲ.

೧೯ ಮಾರ್ಚ್, ಮಧ್ಯಾಹ್ನ
ಮೊನ್ನೆ ಗೋಡೆಗೆಲ್ಲ ಸುಣ್ಣ. ಇವತ್ತು ಎಲೆಯ ತುದಿ ಸುಟ್ಟಿದೆ. ನೆರಳಲ್ಲೇ ಇದೆಯಲ್ಲ... ಅಂಗೈ ಹಿಡಿದು ನೋಡಿದೆ. ಬಿಸಿ. ಎದುರುಗೋಡೆಯದು. ಸೆಗಣಿ ಬಳಿದಿದ್ದಾಗ ಬಿಸಿಲು ಕುಡಿಯುತ್ತಿತ್ತು. ಈಗ ಎಲ್ಲ ಗಿಡದ ಮೇಲೆ ಉಗುಳುತ್ತಿದೆ. ಗೋಣಿಚೀಲ ತೂಗುಹಾಕಿದೆ. ನಾಳೆ ಬರುವವರಿಗೆ ಕಾಣಬಾರದೆಂದು ಅವ್ವ ಕಿತ್ತೆಸೆದಳು.

೨೦ ಮಾರ್ಚ್
ನಸುಕಿನಲ್ಲೇ ಆ ಗೋಡೆಗೆ ಮತ್ತೆ ಸೆಗಣಿ ಬಳಿದೆ. ಕಾಲು ತೊಳೆಯಲು ಹಿತ್ತಲಿಗೆ ಬಂದ ಹುಡುಗನ ತಂದೆ ಕುಬೇರಪ್ಪನವರು ನಿಂತು ನೋಡಿದರು. ಇದೊಂದೇ ಗೋಡೆ ಯಾಕೆ ಹೀಗೆ ಎಂದರು. ನಾನೇ ಬಳಿದದ್ದೆಂದೆ. ಬೆಳಕಿನ ಸಂಗತಿ ವಿವರಿಸಿದೆ. ಬಹಳ ಮೆಚ್ಚಿದರು.
"ಹಾಯಸ್ಕೂಲಿನಾಗ ಕಲಿಸ್ಯಾರೇನಪಾ ಇದನ್ನ?"
"ಇಲ್ರಿ. ನಾ ಸಾಲಿ ಬಿಟ್ಟೇನ್ರಿ."
ತಂಬಿಗೆ ಹಿಡಿದು ಬರುತ್ತಿದ್ದ ಅವ್ವ ಅಲ್ಲೇ ನಿಂತಳು.

೬ ಏಪ್ರಿಲ್
ಚಿಕ್ಕೇರೂರಿನಿಂದ ಮಾತು ಬಂತು. ಹುಡುಗಿಯ ಬಗ್ಗೆ ತಕರಾರಿಲ್ಲ. ಇಷ್ಟಕ್ಕೇ ಸುಳ್ಳು ಹೇಳಿದವರು ಇನ್ನೇನು ಮುಚ್ಚಿಟ್ಟಿದ್ದಾರೋ — ಬೇಡ ಅಂದರಂತೆ.
ಅವ್ವ ನನಗೆ ರೊಟ್ಟಿ ಬಡಿಸುವುದಿಲ್ಲ. ಅಕ್ಕ ಬಡಿಸುತ್ತಾಳೆ. ಅದೇ ಹೆಚ್ಚು ಚುಚ್ಚುತ್ತದೆ.

೯ ಏಪ್ರಿಲ್
ಹೂ ಅರಳಿದೆ. ಬಿಳಿ, ನಡುವೆ ನಸುಗೆಂಪು. ಅಕ್ಕ ಬಹಳ ಹೊತ್ತು ನೋಡಿದಳು. ಚೆಂದ ಅನ್ನಲಿಲ್ಲ.
"ಒಂದ ಕೇಳ್ತೇನಿ. ಖರೇ ಹೇಳಬೇಕಂತ ಹೇಳಿದ್ಯೋ, ಹೊಗಳಿಕಿ ನಿನಗ ಸಿಗದ ಸಾಲಿ ಪಾಲಾಗಬಾರದಂತ ಹೇಳಿದ್ಯೋ?"
ಉತ್ತರಕ್ಕೆ ಕಾಯಲಿಲ್ಲ, ಒಳಗೆ ಹೋದಳು. ಆಗಿನಿಂದ ಹಿತ್ತಲಲ್ಲಿ ತಿರುಗುತ್ತಿದ್ದೇನೆ. ನಾಳೆ ಚಿಕ್ಕೇರೂರಿಗೆ ಹೋಗಿ, ಆ ಸುಳ್ಳಿನಲ್ಲಿ ಅಕ್ಕನ ಪಾಲಿಲ್ಲವೆಂದು ಹೇಳಲು ಕುಬೇರಪ್ಪನವರ ಎದುರು ನಿಲ್ಲಬೇಕು. ಅದಕ್ಕೂ ಮೊದಲು ಅಕ್ಕನಿಗೆ ಉತ್ತರ ಹೇಳಬೇಕು. ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಇದ್ದದ್ದು ಸತ್ಯವಲ್ಲ, ಹೊಗಳಿಕೆ.