ನಿನ್ನ ಕಣ್ಣುಗಳು ಮತ್ತೆ ಮನೆಗೆ ಬಂದಿವೆ

ಮನೆಯಿಂದ, ಬುಧವಾರ, ಸಂಜೆ ಆರೂವರೆ

ಪ್ರೀತಿಯ ಅಣ್ಣಾ,

ಇವತ್ತು ಮಧ್ಯಾಹ್ನವೆಲ್ಲ ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಕಳೆಯಿತು. ಹೇಗಿದ್ದೀಯಾ? ನೀನು ಏಣಿಯಿಂದ ಬಿದ್ದು ತೀರಿಕೊಂಡ ಮೇಲೂ ಇದನ್ನು ಕೇಳದೆ ಮುಂದೆ ಬರೆಯಲು ಕೈ ಬರುವುದಿಲ್ಲ. ನಾವು ಚೆನ್ನಾಗಿದ್ದೇವೆ. ಅಮ್ಮನಿಗೆ ಮಂಡಿನೋವು, ಬಾಯಿಗೇನೂ ನೋವಿಲ್ಲ.

ನನ್ನ ಮಗಳ ಕೂಸಿಗೆ ಮೂರು ತಿಂಗಳು ತುಂಬಿತು. ಹೋದ ವಾರ ಅವನ ಬಟ್ಟೆ ಬದಲಿಸುತ್ತಾ ಮುಖ ನೋಡಿದೆ. ಕಣ್ಣುಗುಡ್ಡೆಗಳು ಎಡಕ್ಕೂ ಬಲಕ್ಕೂ ಸಣ್ಣಗೆ ಓಲಾಡುತ್ತಿದ್ದವು, ನಿಲ್ಲಲೇ ಇಲ್ಲ. ನೀನೇ ನನ್ನನ್ನು ನೋಡುತ್ತಿದ್ದೀಯ ಅನ್ನಿಸಿತು. ಮಗಳಿಗೇನು ಗೊತ್ತು? ಅವಳು ನಿನ್ನನ್ನು ಗೋಡೆಯ ಫೋಟೋದಲ್ಲಿ ಮಾತ್ರ ಕಂಡವಳು. ನಿನ್ನ ಕಣ್ಣು ನಿಂತಿರುವುದು ಅದೊಂದರಲ್ಲೇ. ಅಂಗಡಿಗಳ ಬೋರ್ಡು ಬರೆಯುವಾಗ ನೀನು ಕತ್ತು ತಿರುಗಿಸಿ ಓರೆಯಾಗಿ ನೋಡುತ್ತಿದ್ದೆ. ಆಗ ಅವು ಸ್ವಲ್ಪ ಸುಮ್ಮನಾಗುತ್ತಿದ್ದವು. "ಕಣ್ಣು ಕುಣಿದ್ರೆ ಕುಣೀಲಿ, ಅಕ್ಷರ ಕುಣಿದ್ರೆ ಹೇಳು" ಅನ್ನುತ್ತಿದ್ದೆ.

ಅಮ್ಮ ನಂಬಿಕೊಂಡದ್ದು ನಿನಗೆ ಗೊತ್ತೇ ಇದೆ. ಹಸುಗೂಸಾಗಿದ್ದ ನಿನ್ನ ಪಕ್ಕದಲ್ಲಿ ಅವಳಿಗೆ ಜೊಂಪು ಹತ್ತಿತು, ನೀನು ಮಂಚದಿಂದ ಬಿದ್ದೆ, ಅದಕ್ಕೇ ಕಣ್ಣು ಹಾಗಾಯಿತು, ಕಣ್ಣು ಹಾಗಿದ್ದುದಕ್ಕೇ ಏಣಿಯ ಮೇಲೆ ಕಾಲು ತಪ್ಪಿತು. ಅವಳ ಪಾಲಿಗೆ ನೀನು ಸತ್ತದ್ದು ಆ ಜೊಂಪಿನಿಂದ. ಅಂದಿನಿಂದ ಯಾವ ಮಗುವಿನ ಪಕ್ಕದಲ್ಲೂ ಅವಳು ಮಲಗಿಲ್ಲ. ಮರಿಮಗನ ಪಕ್ಕದಲ್ಲೂ ಗೋಡೆಗೊರಗಿ ಕೂತೇ ಇರುತ್ತಾಳೆ. ಅವನು ಕತ್ತು ವಾಲಿಸಿದರೆ ಗಲ್ಲ ಹಿಡಿದು, "ನೆಟ್ಟಗೆ ನೋಡೋ ಪೇಂಟರ್" ಎಂದು ತಿದ್ದುತ್ತಾಳೆ. ನಿನಗೆ ಹೇಳುತ್ತಿದ್ದ ಅದೇ ಮಾತು.

ಇವತ್ತು ಡಾಕ್ಟರಮ್ಮನಿಗೆ ನಿನ್ನ ಕಥೆಯನ್ನೆಲ್ಲ ಹೇಳಿದೆ. ಮಗುವನ್ನು ಪರೀಕ್ಷೆ ಮಾಡಿದ ಅವರು, ಇದು ವಂಶದಲ್ಲೇ ಬಂದಿರಬೇಕು ಅಂದರು. "ಬಿದ್ದಿದ್ದರಿಂದ ಅಲ್ಲಮ್ಮ. ಹೆಣ್ಣುಮಕ್ಕಳ ಕಣ್ಣು ಸಾಮಾನ್ಯವಾಗಿ ನೆಟ್ಟಗೇ ಇರುತ್ತೆ, ಒಳಗೆ ಈ ದೋಷ ಇರೋದು ಗೊತ್ತೇ ಆಗಲ್ಲ. ಅವರು ಹೆತ್ತ ಗಂಡುಮಗುವಿನಲ್ಲಿ ಕಾಣಿಸ್ಕೊಳ್ಳುತ್ತೆ." ಅಮ್ಮನಿಂದ ನಿನಗೆ. ಅಮ್ಮನಿಂದಲೇ ನನಗೆ, ನನ್ನಿಂದ ಮಗಳಿಗೆ, ಅವಳಿಂದ ಕೂಸಿಗೆ. ಮನೆಗೆ ಬಂದವಳು ಕನ್ನಡಿಯಲ್ಲಿ ನನ್ನ ಕಣ್ಣು ನೋಡಿಕೊಂಡೆ. ಕದಲದೆ ನಿಂತಿದ್ದವು. ಹೆಚ್ಚು ಹೊತ್ತು ನೋಡಲಾಗಲಿಲ್ಲ.

ಮಗಳು ಕರೆಯುತ್ತಿದ್ದಾಳೆ, ಏಳುತ್ತೇನೆ. ಇರುವಲ್ಲಿ ನೆಮ್ಮದಿಯಾಗಿರು.

ನಿನ್ನ ತಂಗಿ

ಇದೊಂದು ಬರೆಯದೆ ಎದ್ದುಬಿಡುತ್ತಿದ್ದೆ: ಅಮ್ಮನಿಗೆ ಅರ್ಧ ಹೇಳಿದ್ದೇನೆ, ನೀನು ಬಿದ್ದದ್ದರಿಂದ ಅಲ್ಲವಂತೆ ಎಂದು. ಕೂಸಿನ ಹೊದಿಕೆ ಸರಿಮಾಡುತ್ತಾ, "ಹಾಗಾದ್ರೆ ಈ ಕೂಸಿಗೆ ಯಾರಿಂದ ಬಂತೇ?" ಅಂದಳು. "ನನ್ನಿಂದ ಕಣಮ್ಮ" ಅಂದೆ. ಅದು ಸುಳ್ಳಲ್ಲ. ಈಗ ಮೊದಲ ಸಲ ಅವಳು ಕೂಸಿನ ಪಕ್ಕ ಕಾಲು ಚಾಚಿ ಮಲಗಿದ್ದಾಳೆ; ಗೊರಕೆ ಇಲ್ಲಿಗೂ ಕೇಳಿಸುತ್ತಿದೆ. ಅಮ್ಮನ ಕಣ್ಣನ್ನೂ ನೋಡಬೇಕು, ನಾಳೆ ಬೆಳಿಗ್ಗೆ ಕರೆದುಕೊಂಡು ಬನ್ನಿ ಎಂದು ಡಾಕ್ಟರಮ್ಮ ಹೇಳಿದ್ದಾರೆ.