ಬರಿಗಡಲಿನ ವರ್ಷ

ಅಘನಾಶಿನಿ ಅಳಿವೆ
ಇಸವಿ ೨೧೮೭, ಮಳೆ ಹಿಂದಾದ ತಿಂಗಳು

ಈ ಕಡಲಿಗೆ ಮೊದಲು ಪಂಜರ ಇಳಿಸಿದ ಹಿರಿಯರಿಗೆ,

ನಿಮಗಿನ್ನೂ ಬಾರದ ಕಾಲದಿಂದ ಬರೆಯುತ್ತಿದ್ದೇನೆ. ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಅವು ನಿಮ್ಮ ನಂತರ ಹುಟ್ಟಿದವು. ನನ್ನ ಹೆಸರು ಮೋಹಿನಿ ಹರಿಕಾಂತ. ಇಲ್ಲಿ ನನ್ನನ್ನು ಓದುಗಿತ್ತಿ ಎನ್ನುತ್ತಾರೆ. ಸತ್ತ ಮೀನಿನೊಳಗಿನ ರೋಗಾಣುವಿನ ವಂಶವಾಹಿಗಳನ್ನೆಲ್ಲ ಓದಿ, ಅದು ಎಲ್ಲಿಂದ ಬಂತು, ಹೇಗೆ ಬದಲಾಗಿದೆ ಎಂದು ಹೇಳುವುದು ನನ್ನ ಕೆಲಸ.

ನನ್ನ ಅಕ್ಕ ಶೇವಂತಿ, ಭಾವ ದಾಮೋದರ ಅಳಿವೆಯಲ್ಲಿ ಕುರುಡಿ ಎಂಬ ಜಾತಿಯ ಮೀನಿನ ಪಂಜರ ನೋಡಿಕೊಳ್ಳುತ್ತಿದ್ದರು. ಈ ಕರಾವಳಿಯಲ್ಲಿ ಉಳಿದಿದ್ದ ತಾಯಿಮೀನುಗಳೆಲ್ಲ ಅವರಲ್ಲೇ ಇದ್ದವು. ಊರೂರಿಗೆ ಮರಿ ಹೋಗುತ್ತಿದ್ದುದು ಅಲ್ಲಿಂದ. ಭಾವ ದೋಣಿಯಲ್ಲಿ ಕೂತು ಬಲೆಯ ಪಾಚಿ ಉಜ್ಜುವಾಗ ಅವು ಅವನ ಕೈಯ ಹತ್ತಿರ ಬರುತ್ತಿದ್ದವು. ಹೋದ ವರ್ಷದ ಬೇಸಿಗೆಯಲ್ಲಿ ಪಂಜರದ ಮೀನುಗಳು ಮೈಯಲ್ಲಿ ಹುಣ್ಣೆದ್ದು ಸತ್ತು ತೇಲತೊಡಗಿದವು. ಯಾವ ಔಷಧಿಯೂ ನಾಟಲಿಲ್ಲ.

ನಾನು ಓದಿದೆ. ಆ ರೋಗಾಣುವಿನ ಪೂರ್ವಜ ಜೀವಿಗಳು ಸಮುದ್ರದ ನೀರಿನಲ್ಲಿ ತಮ್ಮ ಪಾಡಿಗೆ ಬದುಕಿದ್ದವು. ಒತ್ತೊತ್ತಾಗಿ ತುಂಬಿದ ಪಂಜರದಲ್ಲಿ ಇದಕ್ಕೆ ಒಂದು ಮೈಯಿಂದ ಪಕ್ಕದ ಮೈಗೆ ದಾಟಿದರೆ ಸಾಕಿತ್ತು. ಹಾಗಾಗಿ ನೀರಿನಲ್ಲಿ ಬಾಳಲು ಬೇಕಾದ ವಂಶವಾಹಿಗಳು ಬಳಕೆ ತಪ್ಪಿ, ಕೆಟ್ಟು, ಉದುರಿಹೋಗಿದ್ದವು. ರೋಗವಿಲ್ಲದಾಗಲೂ ಮೇವಿಗೆ ಬೆರೆಸುತ್ತಿದ್ದ ಔಷಧಿಯನ್ನು ಸೋಲಿಸುವ ವಂಶವಾಹಿಗಳನ್ನು ಮಾತ್ರ ನೆರೆಯ ಸೂಕ್ಷ್ಮಜೀವಿಗಳಿಂದ ಪಡೆದು ಭದ್ರವಾಗಿ ಇಟ್ಟುಕೊಂಡಿತ್ತು. ಉಳಿದ ದಾರಿ ಬರಿಗಡಲು ಒಂದೇ. ಎಂದರೆ ಪಂಜರದ ಮೀನನ್ನೆಲ್ಲ ಕೊಂದು ಇಡೀ ವರ್ಷ ಖಾಲಿ ಬಿಡುವುದು. ಮೀನಿನ ಮೈ ಸಿಗದಿದ್ದರೆ ಅದೂ ಸಾಯುತ್ತದೆ.

"ತಾಯಿಮೀನೂ ಕೊಂದ್ರೆ ಮುಂದೆ ಮರಿ ಎಲ್ಲಿಂದ ತರೂದೇ?" ಎಂದಳು ಅಕ್ಕ.

ದೂರದ ಕಡಲಿನಿಂದ ತರಿಸಬೇಕು, ಸಿಗುತ್ತದೋ ಇಲ್ಲವೋ ಹೇಳಲಾರೆ ಎಂದೆ. ಕೊನೆಗೆ ಅಕ್ಕ ಒಪ್ಪಿದಳು. ಎಲ್ಲವನ್ನೂ ಕೊಂದು ಸುಣ್ಣ ಸುರಿದು ಹೂಳಿದೆವು. ಭಾವ ಆ ದಿನ ಬರಲಿಲ್ಲ. ನೋಡಲಾರದೆ ದೂರ ಉಳಿದ ಎಂದುಕೊಂಡೆವು.

ಈ ಮಳೆಗಾಲದಲ್ಲಿ ಹೊಳೆಯ ಮೀನುಗಳೂ ಅದೇ ಹುಣ್ಣಿನಿಂದ ತೇಲಿದವು. ಮತ್ತೆ ಓದಿದೆ. ಅದೇ ರೋಗಾಣು, ಕಳೆದುಕೊಂಡ ವಂಶವಾಹಿಗಳೂ ಅವೇ. ಖಾಲಿ ನೀರಿನಲ್ಲಿ ಅದು ಒಂದು ವರ್ಷ ಬದುಕುವುದು ಸಾಧ್ಯವಿರಲಿಲ್ಲ. ಯಾವುದೋ ಮೀನು ಅದನ್ನು ಹೊತ್ತುಕೊಂಡೇ ಇತ್ತು. ಕೊಲ್ಲುವ ದಿನ ಬಾರದಿದ್ದ ಭಾವನನ್ನು ಕೇಳಿದಾಗ ಅವನು ನನ್ನನ್ನೂ ಅಕ್ಕನನ್ನೂ ಉಬ್ಬರದ ನೀರೂ ಅದರ ಜೊತೆ ಹೊಳೆಯ ಮೀನೂ ಬಂದುಹೋಗುವ ಗಜನಿ ಗದ್ದೆಗೆ ಕರೆದೊಯ್ದ. ಮೂಲೆಯ ಹೊಂಡದಲ್ಲಿ ಒಂದು ಜೋಡಿ ತಾಯಿಮೀನು ತಿರುಗುತ್ತಿತ್ತು. ಮೈಮೇಲೆ ಒಂದು ಗಾಯವೂ ಇರಲಿಲ್ಲ, ರೋಗಾಣು ಒಳಗೇ ಇತ್ತು.

"ಎರಡೇ ಇಟ್ಕಂಡಿದ್ದೆ. ಮೇವು ತಿಂತಾ ಆರಾಮ ಇದ್ದೊ. ಇವ್ಕೆ ರೋಗ ಅದೆ ಅಂದ್ರೆ ಹ್ಯಾಂಗೆ ನಂಬೂದು?" ಎಂದ.

ಅಕ್ಕನೇ ನೀರಿಗಿಳಿದು ಅವನ್ನು ಹಿಡಿದು ಕೊಂದಳು. ಅವನು ಬದುವಿನ ಮೇಲೆ ಕೂತು ಅತ್ತ. ಅಕ್ಕ ಈಗಲೂ ಅವನಿಗೆ ಊಟ ಬಡಿಸುತ್ತಾಳೆ, ಮಾತಾಡುವುದಿಲ್ಲ. ಅವನನ್ನು ದ್ವೇಷಿಸಲು ನನ್ನಿಂದ ಆಗಿಲ್ಲ.

ಪಂಜರವನ್ನು ಖಾಲಿ ಮಾಡಬಹುದಿತ್ತು, ಹೊಳೆಯನ್ನು ಹೇಗೆ ಮಾಡುವುದು? ನಿಮಗಿನ್ನೂ ಸಮಯವಿದೆ. ಮೀನನ್ನು ಅಷ್ಟು ಒತ್ತಾಗಿ ತುಂಬಬೇಡಿ. ಆರೋಗ್ಯವಾಗಿರುವ ಮೀನಿಗೆ ಔಷಧಿ ತಿನ್ನಿಸಬೇಡಿ. ಇಷ್ಟೇ ಬೇಡಿಕೆ.

ಇಲ್ಲಿಗೆ ನಿಲ್ಲಿಸುತ್ತೇನೆ. ನೆರೆಯ ಗಂಗಾವಳಿ ಹೊಳೆಯವರೂ ಸತ್ತ ಮೀನು ಕಳಿಸಿದ್ದಾರೆ. ಓದಲು ಕೂರಬೇಕು.

ಮೋಹಿನಿ