ಬಾಗಿಲಾಚೆಯ ಎರಡು ನಿಮಿಷ

ನೆರಳೂರು,
ಸೀಸನ್ ಇನ್ನೂರ ಹದಿನಾಲ್ಕು, ಹದಿನೈದನೇ ವಾರ, ನಾಮಿನೇಷನ್ ದಿನ.

ಟೀವಿ ಮುಂದೆ ಕಾಲು ಚಾಚಿ ಕುಳಿತಿರುವ ಹಿರಿಯರಿಗೆ ಓಬಾಂಬೆಯ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನೀವು ವರ್ಷ ಎನ್ನುವುದಕ್ಕೆ ನಾವು ಸೀಸನ್ ಎನ್ನುತ್ತೇವೆ, ನಿಮ್ಮ ಸೋಮವಾರ ನಮಗೆ ನಾಮಿನೇಷನ್ ದಿನ. ನಿಮ್ಮ ಲೆಕ್ಕದಲ್ಲಿ ಇದು ಯಾವ ಇಸವಿ ಎಂದು ಹೇಳಬಲ್ಲವರು ನಮ್ಮೂರಿನಲ್ಲಿ ಯಾರೂ ಇಲ್ಲ. ಮುನ್ನೂರು ವರ್ಷ ಮುಂದೆ ಎಂದುಕೊಳ್ಳಿ, ಹೆಚ್ಚುಕಡಿಮೆಯಾದರೆ ನಿಮಗೇನು ನಷ್ಟ? ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಆದರೆ ತಪ್ಪು ಪೂರ್ತಿ ನನ್ನದಲ್ಲ. ಹಳೆಯ ಕನ್ನಡವನ್ನು ನಾವು ಕಲಿತದ್ದು ನಿಮ್ಮ ನಿರೂಪಕರ ಬಾಯಿಂದ. ನಮ್ಮಲ್ಲಿ ಸಾರು ರುಚಿಯಾಗಿದ್ದರೆ ಬೆಂಕಿ ಎನ್ನುತ್ತಾರೆ, ಮನೆಯಲ್ಲಿ ಮಗು ಹುಟ್ಟಿದರೆ ವೈಲ್ಡ್ ಕಾರ್ಡ್ ಎಂಟ್ರಿ ಎನ್ನುತ್ತಾರೆ. ಅರವತ್ತೆಂಟು ಸೀಸನ್ ಈ ಭಾಷೆಯಲ್ಲೇ ಬಾಳಿದ್ದೇನೆ, ಈಗ ತಿದ್ದಿಕೊಳ್ಳುವ ವಯಸ್ಸಲ್ಲ.

ನಾವಿರುವುದು ಪಾವಗಡದ ಬಯಲಿನಲ್ಲಿ, ಬಿಸಿಲು ಹಿಡಿಯಲೆಂದು ನಿಮ್ಮವರು ಸಾಲುಸಾಲಾಗಿ ಹಾಸಿದ ಗಾಜಿನ ಹಲಗೆಗಳ ಕೆಳಗೆ. ಆ ಹಲಗೆಗಳಿಂದ ಕರೆಂಟು ಬರುವುದು ಅಷ್ಟಕ್ಕಷ್ಟೆ. ನೆರಳು ಮಾತ್ರ ಬರುತ್ತದೆ, ಅದಕ್ಕೇ ನೆರಳೂರು. ಹೊರಗಿನ ಬಯಲಿನಲ್ಲಿ ಬೆಳಗಿನ ಹತ್ತಕ್ಕೆಲ್ಲ ಚಪ್ಪಲಿಯ ಅಡಿ ಮೆತ್ತಗಾಗಿ ನೆಲಕ್ಕೆ ಅಂಟಿಕೊಳ್ಳುತ್ತದೆ. ಒಳಗೆ ನಾನೂರ ಹನ್ನೆರಡು ಜನ ಇದ್ದೇವೆ. ಸೂರ್ಯ ಹುಟ್ಟುವ ಮೊದಲೇ ಒಲೆ ಹಚ್ಚಿ ಮುದ್ದೆ ಮಾಡಿಟ್ಟುಕೊಳ್ಳುತ್ತೇವೆ. ಹಲಗೆಗಳ ಸಂದಿಯಲ್ಲಿ ಬೀಳುವ ಬಿಸಿಲಿಗೆ ರಾಗಿ, ಅಂಚಿನಲ್ಲಿ ಹುಣಸೆ ಮರ. ಪ್ರತಿ ಸೀಸನ್ನಿನಲ್ಲೂ ಒಂದಷ್ಟು ಹಲಗೆ ಒಡೆಯುತ್ತವೆ, ಅಷ್ಟು ನೆರಳು ಕಡಿಮೆಯಾಗುತ್ತದೆ. ಆದ್ದರಿಂದ ಸೀಸನ್ನಿಗೆ ಒಬ್ಬರಂತೆ ಊರು ಬಿಡಬೇಕು. ಯಾರು ಬಿಡಬೇಕು ಎಂಬುದನ್ನು ನಾವು ನಿಮ್ಮಿಂದ ಕಲಿತ ರೀತಿಯಲ್ಲೇ ತೀರ್ಮಾನಿಸುತ್ತೇವೆ.

ಊರು ಕಟ್ಟಿದವರಿಗೆ ಇಲ್ಲಿ ಒಂದು ಕಬ್ಬಿಣದ ಟ್ರಂಕು ಸಿಕ್ಕಿತು. ಅದರೊಳಗೆ ನಿಮ್ಮ ಕಾಲದ ಯಾರೋ ಅಭಿಮಾನಿ ಜೋಪಾನವಾಗಿ ತುಂಬಿಟ್ಟ ಮೂರು ಕಾರ್ಯಕ್ರಮಗಳಿದ್ದವು, ಹಾಕಿ ನೋಡುವ ಒಂದೆರಡು ಯಂತ್ರಗಳೂ ಇದ್ದವು. ಒಂದರಲ್ಲಿ ಹಾಡುತ್ತಾರೆ, ಒಂದರಲ್ಲಿ ಅಡುಗೆ ಮಾಡುತ್ತಾರೆ, ಇನ್ನೊಂದರಲ್ಲಿ ಏನೂ ಮಾಡದೆ ಒಂದು ಮನೆಯೊಳಗೆ ಕುಳಿತು ಜಗಳವಾಡುತ್ತಾರೆ. ಬೇರೆ ಪುಸ್ತಕವಿಲ್ಲ, ಕಾನೂನಿಲ್ಲ, ಏನೂ ಇಲ್ಲ. ನಮ್ಮ ಹಿರಿಯರು ಅದನ್ನೇ ಕಣ್ಣಿಗೊತ್ತಿಕೊಂಡರು. ಅವನ್ನು ನೋಡಿ ಅರ್ಥ ಹೇಳುವವರಿಗೆ ನೋಟಗಾರರು ಎಂದು ಹೆಸರು. ಇಪ್ಪತ್ತೇಳನೇ ವಯಸ್ಸಿಗೇ ನಾನು ನೋಟಗಾರ್ತಿಯಾದೆ. ಅಷ್ಟು ಚಿಕ್ಕ ವಯಸ್ಸಿಗೆ ಆ ಪೀಠಕ್ಕೆ ಯಾರೂ ಏರಿರಲಿಲ್ಲ, ಆ ಜಂಬವೂ ನನಗಿತ್ತು. ಒಂದೊಂದು ಸಂಚಿಕೆಯನ್ನೂ ಮುನ್ನೂರು ಸಲ ನೋಡಿದ್ದೇನೆ. ನಿಮ್ಮನ್ನು ಬೈಯುವ ಹಕ್ಕು ಈ ಭೂಮಿಯ ಮೇಲೆ ಯಾರಿಗಾದರೂ ಇದ್ದರೆ ನನಗಿದೆ.

ಏನ್ರೀ ಅದು ನಿಮ್ಮ ತೀರ್ಪುಗಾರರ ಅವತಾರ! ಹುಡುಗಿ ಇನ್ನೂ ಬಾಯಿ ತೆರೆದಿಲ್ಲ, ಆಗಲೇ ಕರ್ಚೀಫು ಕೈಗೆ ಬಂದಿರುತ್ತದೆ. ಹಾಡುವುದಕ್ಕೆ ಮುಂಚೆ ಅವಳ ಅಪ್ಪನ ಕಾಯಿಲೆ, ಸೋರುವ ಮನೆ, ತೇಪೆ ಹಾಕಿದ ಲಂಗ ಎಲ್ಲ ತೋರಿಸಿ, ಹಿಂದೆ ಪಿಟೀಲು ಕುಯ್ದು, ಆಮೇಲೆ ಹಾಡಮ್ಮ ಎನ್ನುತ್ತೀರಿ. ಅಷ್ಟು ಅತ್ತ ಗಂಟಲಿನಲ್ಲಿ ಸ್ವರ ಎಲ್ಲಿಂದ ಬರಬೇಕು? ಅಡುಗೆಯವರದು ಇನ್ನೊಂದು ಕಥೆ. ಒಂದು ಚಮಚ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿ, ತಲೆಯಾಡಿಸಿ, ಮಾಡಿದವನ ಮುಖವನ್ನು ಮೂರು ಸಲ ತೋರಿಸಿ, ಕೊನೆಗೆ ಉಪ್ಪು ಸ್ವಲ್ಪ ಮುಂದು ಎನ್ನುವುದಕ್ಕೆ ಅರ್ಧ ಗಂಟೆ. ನನ್ನ ಅಜ್ಜಿ ಅದನ್ನು ಒಲೆಯ ಕಡೆಯಿಂದ ತಿರುಗದೆಯೇ ಹೇಳುತ್ತಿದ್ದಳು. ಜಗಳದ ಮನೆಯ ಬಗ್ಗೆ ಹೇಳುವುದೇ ಬೇಡ. ಒಂದು ಮೊಟ್ಟೆ ಯಾರು ತಿಂದರು ಎಂದು ಹನ್ನೆರಡು ಜನ ನಾಲ್ಕು ದಿನ ಕಿತ್ತಾಡಿದ್ದನ್ನು ನೀವು ಊಟದ ತಟ್ಟೆ ಕೈಯಲ್ಲಿ ಹಿಡಿದು ನೋಡಿದಿರಂತೆ. ನಾಚಿಕೆಯಾಗಲಿಲ್ಲವೇ?

ಇನ್ನು ನಿಮ್ಮ ಆ ಚಿಕ್ಕ ವಿರಾಮ. ಹೊರಗೆ ಹೋಗುತ್ತಿರುವುದು ಯಾರು ಎಂದು ನಿರೂಪಕ ಕೇಳುತ್ತಾನೆ. ಎಲ್ಲರೂ ಉಸಿರು ಬಿಗಿಹಿಡಿಯುತ್ತಾರೆ. ಒಂದು ಚಿಕ್ಕ ವಿರಾಮದ ನಂತರ ಎನ್ನುತ್ತಾನೆ. ಟ್ರಂಕಿನ ಪ್ರತಿಗಳಲ್ಲಿ ಆ ವಿರಾಮವನ್ನು ಕತ್ತರಿಸಿದ್ದಾರೆ, ಹಾಗಾಗಿ ಅದರೊಳಗೆ ಏನು ನಡೆಯುತ್ತಿತ್ತೋ ನಮಗೆ ತಿಳಿಯದು. ಹಿರಿಯರು ಅದನ್ನು ಮೌನವ್ರತ ಎಂದುಕೊಂಡರು. ಇವತ್ತಿಗೂ ನಮ್ಮ ಪಂಚರು ಬಾವಿಯ ಸರದಿ ಹೇಳುವ ಮುಂಚೆ, ಮದುವೆಗೆ ಒಪ್ಪಿಗೆ ಕೊಡುವ ಮುಂಚೆ ಗರಬಡಿದವರ ಹಾಗೆ ಕೂತುಬಿಡುತ್ತಾರೆ. ಹೋದ ಸೀಸನ್ನಿನಲ್ಲಿ ಸೂಲಗಿತ್ತಿ ಗಂಡೋ ಹೆಣ್ಣೋ ಎಂದು ಹೇಳುವ ಮುಂಚೆ ವಿರಾಮ ತೆಗೆದುಕೊಂಡಳು. ಬಾಣಂತಿಯೇ ಎದ್ದು ಬಯ್ದಳು.

ಬಯ್ಯುವುದು ಸಾಕಷ್ಟಿದೆ, ಆದರೆ ಈ ಕಾಗದ ಬರೆಯಲು ಕೂತದ್ದು ಅದಕ್ಕಲ್ಲ. ನನ್ನ ಅಕ್ಕ ಗಿರಿಯಮ್ಮನ ವಿಷಯ ಹೇಳಬೇಕು.

ನಲವತ್ತೊಂದು ಸೀಸನ್ನಿನ ಹಿಂದೆ, ಊರು ಬಿಡಲು ನಾಮಿನೇಟ್ ಆಗಿ ಅಂಚಿನಲ್ಲಿ ನಿಂತ ಇಬ್ಬರಲ್ಲಿ ಅಕ್ಕನೂ ಒಬ್ಬಳು. ನಮ್ಮ ಪದ್ಧತಿ ಹೀಗೆ: ಇಬ್ಬರೂ ತಮ್ಮ ಕಷ್ಟ ಹೇಳಿಕೊಂಡು ಅಳಬೇಕು, ಆಮೇಲೆ ಒಂದೊಂದು ಹಾಡು ಹೇಳಬೇಕು. ಊರಿನ ಪ್ರತಿಯೊಬ್ಬರೂ ತಮಗೆ ಬೇಕಾದವರ ಗಡಿಗೆಗೆ ಒಂದು ಹುಣಸೆಬೀಜ ಹಾಕಬೇಕು. ಅಕ್ಕ ಅಳಲಿಲ್ಲ. ನಂಗೇನು ಕಷ್ಟ ಐತೆ, ತಂಗಿ ಚೆನ್ನಾಗವ್ಳೆ, ಅವ್ವ ಚೆನ್ನಾಗವ್ಳೆ ಎಂದು ನಕ್ಕುಬಿಟ್ಟಳು. ಆಮೇಲೆ ಹಾಡಿದಳು. ಅವಳದು ಒಳ್ಳೆಯ ಕಂಠ, ಆದರೆ ಮೇಲಿನ ಪಂಚಮಕ್ಕೆ ಹೋದಾಗ ಯಾವತ್ತೂ ಒಂದು ಎಳೆ ಕೆಳಗೇ ನಿಲ್ಲುತ್ತಿತ್ತು. ಮನೆಯಲ್ಲಿ ಪಾತ್ರೆ ತೊಳೆಯುವಾಗಲೂ ಹಾಗೇ, ಅವತ್ತೂ ಹಾಗೇ. ನಾನು ನೋಟಗಾರ್ತಿ, ನಿಮ್ಮ ತೀರ್ಪುಗಾರರನ್ನು ಮುನ್ನೂರು ಸಲ ನೋಡಿದವಳು. ಪಕ್ಕದಲ್ಲಿ ಕೂತಿದ್ದವರಿಗೆ ಕೇಳಿಸುವಂತೆ ಶ್ರುತಿ ಇಳಿಯಿತು ಎಂದೆ. ನನ್ನ ಬೀಜವನ್ನು ಇನ್ನೊಂದು ಗಡಿಗೆಗೆ ಹಾಕಿದೆ. ಸ್ವಂತ ಅಕ್ಕನಿಗೂ ದಾಕ್ಷಿಣ್ಯ ತೋರಿಸಲಿಲ್ಲವಲ್ಲ ಎಂದು ಊರೆಲ್ಲ ಹೊಗಳಿತು. ನನ್ನ ಕೈ ಎತ್ತ ಹೋಯಿತೆಂದು ನೋಡಿಕೊಂಡೇ ಪಕ್ಕದ ಮೂವರು ಹೆಂಗಸರೂ ಬೀಜ ಹಾಕಿದ್ದರು. ಅಕ್ಕ ಸೋತದ್ದು ನಾಲ್ಕು ಬೀಜದಲ್ಲಿ.

ಅವಳು ಪೆಟ್ಟಿಗೆ ಹಿಡಿದುಕೊಂಡು, ಎಲ್ಲರನ್ನೂ ತಬ್ಬಿಕೊಂಡು, ಚೆನ್ನಾಗಿ ಆಡ್ರಪ್ಪ ಎಂದು ಹೇಳಿ, ಕೈಬೀಸಿ ಊರ ಬಾಗಿಲು ದಾಟಿದಳು. ನಿಮ್ಮವರು ಮಾಡಿದ ಹಾಗೆಯೇ, ಒಂದು ಚೂರೂ ಹೆಚ್ಚುಕಡಿಮೆಯಿಲ್ಲದೆ. ಬಾಗಿಲು ಮುಚ್ಚಿತು. ಅವ್ವ ನನ್ನ ಕೈ ಹಿಡಿದು ಕೇಳಿದಳು: ಓಬಿ, ನೀನು ಎಲ್ಲಾ ನೋಡಿದ್ದೀಯಲ್ಲ, ಹೋದೋರು ಎಲ್ಲಿಗೆ ಹೋಗ್ತಾರೆ? ಹೊರಗೆ ಹೋದವರು ಮಾರನೆಯ ಸಂಚಿಕೆಯಲ್ಲಿ ಕಾಣುವುದಿಲ್ಲ. ಅದರ ಮಾರನೆಯದರಲ್ಲೂ ಇಲ್ಲ. ನಾಲ್ಕು ದಿನ ಅವರ ಹೆಸರು ಹೇಳಿ ಅಳುತ್ತಾರೆ, ಐದನೇ ದಿನ ಅವರ ಮಂಚದ ಮೇಲೆ ಬೇರೆಯವರು ಮಲಗಿರುತ್ತಾರೆ. ನಾನು ಕಂಡದ್ದು ಅಷ್ಟೇ. ಹೋದೋರು ಮುಗಿದ್ರು ಅವ್ವ, ಹುಡುಕೋದು ನಿಯಮ ಅಲ್ಲ ಎಂದೆ. ಎರಡು ಸೀಸನ್ನಿನಲ್ಲಿ ಅವ್ವನೂ ಹೋದಳು, ಬಾಗಿಲಿನಿಂದಲ್ಲ, ಹಾಸಿಗೆಯಿಂದ.

ಟ್ರಂಕಿನಲ್ಲಿ ಒಂದು ಡಬ್ಬಿ ಮೊದಲಿನಿಂದಲೂ ತೆರೆಯುತ್ತಿರಲಿಲ್ಲ. ತುಕ್ಕು ಹಿಡಿದಿತ್ತು, ಮೇಲಿದ್ದ ಹೆಸರೂ ಅಳಿಸಿಹೋಗಿತ್ತು. ನಾಲ್ಕು ತಿಂಗಳ ಹಿಂದೆ, ಬೇರೆ ಕೆಲಸವಿಲ್ಲದ್ದಕ್ಕೆ, ನಾನು ಅದನ್ನು ಎಣ್ಣೆಯಲ್ಲಿ ನೆನೆಸಿ, ಉಜ್ಜಿ, ಮೂರು ವಾರ ಒದ್ದಾಡಿ ತೆರೆದೆ. ಒಳಗೆ ಮೂರೂ ಕಾರ್ಯಕ್ರಮಗಳ ಕಡೆಯ ಸಂಚಿಕೆಗಳಿದ್ದವು. ಆ ಅಭಿಮಾನಿ ಮಹಾಶಯ ಅವು ಬಹಳ ಇಷ್ಟವೆಂದು ಬೇರೆ ಎತ್ತಿಟ್ಟಿದ್ದನೇನೋ! ಹಾಕಿಕೊಂಡು ನೋಡಿದೆ. ಬಣ್ಣದ ದೀಪ, ಕುಣಿತ, ಗದ್ದಲ. ಆಮೇಲೆ ಮುಂದಿನ ಸಾಲನ್ನು ತೋರಿಸಿದರು.

ಎಲ್ಲರೂ ಕೂತಿದ್ದರು. ಹೋದವರೆಲ್ಲರೂ. ಮೂರನೇ ವಾರ ಹೊರಗೆ ಹೋದ, ನಾವು ಇನ್ನೂರು ಸೀಸನ್ನಿನಿಂದ ಪ್ರತಿ ಸಲ ಎಡೆಯಿಟ್ಟು ನೆನೆಯುವ ಆ ಹಾಡುವ ಹುಡುಗಿ ಹೊಸ ಸೀರೆಯುಟ್ಟು, ಪಕ್ಕದವಳ ಕಿವಿಯಲ್ಲಿ ಏನೋ ಹೇಳಿ ಕಿಸಿಕಿಸಿ ನಗುತ್ತಿದ್ದಳು. ಹೋಳಿಗೆ ಸೀಯಿಸಿ ಹೊರಗೆ ಹೋದ ಅಡುಗೆಯವನು ಹೆಂಡತಿ ಮಗುವಿನ ಜೊತೆ ಬಂದಿದ್ದ. ಹೇಗಿದ್ದೀರಿ ಎಂದು ನಿರೂಪಕ ಕೇಳಿದ. ಆರಾಮಾಗಿದೀನಿ ಸಾರ್, ಮನೆ ಊಟ ಮಾಡ್ಕೊಂಡು ಎರಡು ಕೆಜಿ ಜಾಸ್ತಿ ಆಗಿದೀನಿ ಎಂದ.

ಎರಡು ಕೆಜಿ ಜಾಸ್ತಿ! ನಾನು ಆ ಜಾಗವನ್ನು ಹದಿನೇಳು ಸಲ ಹಿಂದಕ್ಕೆ ತಿರುಗಿಸಿ ನೋಡಿದೆ. ಅವರು ಮನೆಗೆ ಹೋಗಿದ್ದರು. ಅಷ್ಟೇ. ಬಾಗಿಲಾಚೆ ರಸ್ತೆ ಇತ್ತು, ರಸ್ತೆಯ ಕೊನೆಯಲ್ಲಿ ಮನೆ ಇತ್ತು, ಮನೆಯಲ್ಲಿ ಯಾರೋ ಅನ್ನಕ್ಕೆ ಇಟ್ಟು ಕಾಯುತ್ತಿದ್ದರು. ಒಂದು ಮೊಟ್ಟೆಯ ಜಗಳವನ್ನು ನಾಲ್ಕು ದಿನ ತೋರಿಸಿದ ನೀವು ಇದನ್ನು ತೋರಿಸಲಿಲ್ಲ. ಥೂ ನಿಮ್ಮ!

ಆ ಸಂಚಿಕೆಯನ್ನು ಪಂಚರಿಗೆ ತೋರಿಸಿದೆ. ನೋಡಿದರು, ಎಲ್ಲರೂ ಕಣ್ಣೊರೆಸಿಕೊಂಡರು, ಅದು ಅಭ್ಯಾಸ. ಇದು ದೊಡ್ಡ ಟ್ವಿಸ್ಟು ಓಬಾಂಬಕ್ಕ, ಮುಂದಿನ ಸೀಸನ್ನಿನಲ್ಲಿ ಯೋಚಿಸೋಣ ಎಂದರು. ಹಾಗೆಂದು ವಿರಾಮಕ್ಕೆ ಕೂತರು. ನಾನು ಎದ್ದು ಬಂದೆ.

ನಮ್ಮೂರಿಗೆ ಹೊರಗಿನಿಂದ ಬರುವವನು ಉಪ್ಪಿನ ಬುಡನ್ ಒಬ್ಬನೇ. ಬೆಳಕು ಹರಿಯುವ ಮುಂಚೆ ಕತ್ತೆಯ ಮೇಲೆ ಉಪ್ಪು ಹೇರಿಕೊಂಡು ಬರುತ್ತಾನೆ. ಅವನ ಅಪ್ಪ, ಅಜ್ಜ ಬರುತ್ತಿದ್ದರು, ಈಗ ಅವನು. ಬಿಸಿಲಿನಲ್ಲಿ ಬದುಕುವ ಇವರ ಜಾತಿಯೇ ಬೇರೆ ಎಂದು ನಮ್ಮವರು ನಂಬಿದ್ದರು. ಅವರ ಜೊತೆ ಉಪ್ಪಿನ ಮಾತು ಬಿಟ್ಟು ಬೇರೆ ಆಡುವಂತಿಲ್ಲ. ಜಗಳದ ಮನೆಯ ಮೊದಲ ನಿಯಮ ನಿಮಗೇ ಗೊತ್ತಲ್ಲ: ಹೊರಗಿನಿಂದ ಬಂದವರ ಹತ್ತಿರ ಹೊರಗಿನ ಸುದ್ದಿ ಕೇಳುವಂತಿಲ್ಲ. ಇನ್ನೂರ ಹದಿನಾಲ್ಕು ಸೀಸನ್ ನಾವು ಅದನ್ನು ಮುರಿದಿರಲಿಲ್ಲ. ಮೊನ್ನೆ ನಾನು ಮುರಿದೆ. ಪೆಟ್ಟಿಗೆ ಹಿಡಿದುಕೊಂಡು ಇಲ್ಲಿಂದ ಹೋದವರನ್ನು ಎಲ್ಲಾದರೂ ಕಂಡಿದ್ದೀಯೇನಪ್ಪ ಎಂದು ಕೇಳಿದೆ. ಅವನು ಉಪ್ಪು ಅಳೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ. ಅಯ್ಯೋ, ಪೆಟ್ಟಿಗೆಯೋರಾ? ಎರಡು ದಿನದ ದಾರಿ, ಬಂಡೆ ಸಂದೀಲಿ ಅವ್ರದೇ ಒಂದು ಊರೈತಲ್ಲಮ್ಮ, ಇಲ್ಲಿಗೆ ಬರೋಕೆ ಮುಂಚೆ ಅಲ್ಲೇ ಉಪ್ಪು ಕೊಟ್ಟು ಬತ್ತೀನಿ. ನೀವ್ಯಾರೂ ಕೇಳ್ಳಿಲ್ಲ, ನಾನು ಹೇಳ್ಳಿಲ್ಲ ಎಂದ. ಅವರು ಯಾಕೆ ತಿರುಗಿ ಬರುವುದಿಲ್ಲ ಎಂದು ಕೇಳಿದೆ. ಅದೇನೋ, ಹೋದೋರು ಬರಬಾರದಂತೆ, ನಿಯಮ ಅಂತೆ ಎಂದ.

ವಯಸ್ಸಾದ ಹೆಂಗಸರು ಇದ್ದಾರೆಯೇ ಎಂದು ಕೇಳಿದೆ. ಅವ್ರೆ ನಾಕೈದು ಜನ ಎಂದ. ಒಬ್ಬಮ್ಮ ಅವ್ರೆ, ಬಾವಿ ಹತ್ರ ದಿನಾ ಸಂಜೆ ಹಾಡ್ತಾರೆ. ಕಂಠ ಚೆನ್ನಾಗೈತೆ, ಆದ್ರೆ ಮೇಲಕ್ಕೆ ಹೋದಾಗ ಯಾಕೋ ನಿಲ್ಲಲ್ಲ ನೋಡಿ ಎಂದು ನಕ್ಕ. ಅಲ್ಲೇ ಉಪ್ಪಿನ ಚೀಲಕ್ಕೆ ಒರಗಿ ಕೂತುಬಿಟ್ಟೆ. ಬುಡನ್ ಗಾಬರಿಯಾಗಿ ನೀರು ಕೊಟ್ಟ.

ಬುಡನ್ ನಾಳೆ ತಿರುಗಿ ಹೊರಡುತ್ತಾನೆ, ಜೊತೆಗೆ ನಾನೂ ಹೊರಡುತ್ತಿದ್ದೇನೆ. ನನ್ನನ್ನು ಯಾರೂ ನಾಮಿನೇಟ್ ಮಾಡಿಲ್ಲ, ನನ್ನ ಗಡಿಗೆಗೆ ಯಾರೂ ಬೀಜ ಹಾಕಿಲ್ಲ, ಅಳುವ ಕಥೆಯನ್ನೂ ಹೇಳಿಲ್ಲ. ಊರಿನ ಚರಿತ್ರೆಯಲ್ಲೇ ಹೀಗೆ ಬಾಗಿಲು ದಾಟಿದವರಿಲ್ಲ. ತಬ್ಬಿಕೊಳ್ಳಲು ಬರುವವರಿಗೆ ದೂರದಿಂದಲೇ ಕೈಮುಗಿಯುತ್ತೇನೆ, ಆ ನಾಟಕ ನೋಡಿ ನೋಡಿ ಸಾಕಾಗಿದೆ. ಪೆಟ್ಟಿಗೆಯಲ್ಲಿ ಎರಡು ಸೀರೆ, ಒಂದು ಹಿಡಿ ರಾಗಿ ಹುರಿಹಿಟ್ಟು, ಆ ಡಬ್ಬಿ, ನೋಡುವ ಒಂದು ಯಂತ್ರ ಇಟ್ಟುಕೊಂಡಿದ್ದೇನೆ. ತಿರುಗಿ ಬರಬಹುದು ಎಂದು ಅವರಿಗೂ ತೋರಿಸಬೇಕಲ್ಲ.

ಈ ಕಾಗದವನ್ನು ಟ್ರಂಕಿನಲ್ಲಿ ಹಾಕಿ ಹೋಗುತ್ತೇನೆ. ಅದು ಹಿಂದಕ್ಕೆ ನಿಮ್ಮವರೆಗೂ ಹೇಗೆ ಬರುತ್ತದೋ ನನಗೆ ತಿಳಿಯದು. ನಿಮ್ಮ ಅಳು ಮುಂದಕ್ಕೆ ನಮ್ಮವರೆಗೂ ಹೇಗೆ ಬಂದಿತೋ ಅದೂ ತಿಳಿಯದು. ಬಂದರೆ, ಒಂದೇ ಒಂದು ಕೋರಿಕೆ ಇದೆ. ನೀವು ಆ ಕಾರ್ಯಕ್ರಮಗಳನ್ನು ನಿಲ್ಲಿಸುವವರಲ್ಲ, ಗೊತ್ತು. ಅಳಿ, ಅಳಿಸಿ, ಪಿಟೀಲು ಕುಯ್ಯಿರಿ, ನಿಮ್ಮ ಹಣೆಬರಹ. ಆದರೆ ಯಾರಾದರೂ ಸೋತು ಬಾಗಿಲು ದಾಟಿದಾಗ ಕ್ಯಾಮೆರಾವನ್ನು ಒಳಗೆ ತಿರುಗಿಸಬೇಡಿ. ಅವರ ಹಿಂದೆಯೇ ಹೋಗಿ. ಅವರು ಮನೆ ಸೇರಿದ್ದು, ಚಪ್ಪಲಿ ಬಿಟ್ಟಿದ್ದು, ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತದ್ದು ತೋರಿಸಿ. ಎರಡು ನಿಮಿಷ ಸಾಕು. ಅಷ್ಟು ಕಂಡಿದ್ದರೆ ನಮ್ಮವ್ವನಿಗೆ ನಾನು ಬೇರೆ ಉತ್ತರ ಕೊಡುತ್ತಿದ್ದೆ.

ಇನ್ನು ಬರೆಯಲು ಬೆಳಕಿಲ್ಲ. ನಾಡಿದ್ದು ಸಂಜೆಯ ಹೊತ್ತಿಗೆ ಆ ಬಾವಿಯ ಹತ್ತಿರ ಇರುತ್ತೇನೆ. ಅಕ್ಕ ಹಾಡುತ್ತಿದ್ದರೆ ಪೂರ್ತಿ ಕೇಳುತ್ತೇನೆ, ಮೇಲಿನ ಪಂಚಮವನ್ನೂ. ಇಳಿದರೆ ಇಳಿಯಲಿ.